ಕುದುರೆ ಬಿಟ್ಟವರ ಮನೆ

ಕಂದಿಕೆರೆಯಲ್ಲಿ ಬಸ್ಸಿಳಿದು ಎದುರಿಗಿದ್ದ ಅಂಗಡಿಯವರನ್ನು ವಿಚಾರಿಸಿದೆ. ಹಿಂದೆ ದೊಡ್ಡ ಯುದ್ಧಕ್ಕೆ ಹೋಗಿದ್ದ ಕುದುರೆ ಸವಾರರೊಬ್ಬರ ಮನೆ ಈ ಊರಲ್ಲಿದೆಯಂತೆ, ಯಾವ ಬೀದಿ ಎಂದು. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ, "ಓ, ಕುದ್ರೆ ಬುಟ್ಟೋರ ಮನೆನಾ? ಹಿಂಗೇ ನೆಟ್ಟಗೆ ಹೋಗಿ, ಬಾವಿ ದಾಟಿದ್ಮೇಲೆ ಎಡಗಡೆಗೆ ಕಣ್ರೀ" ಎಂದರು. ಅದು ಮನೆತನದ ಹೆಸರು ಇರಬೇಕು ಅಂದುಕೊಂಡೆ. ನಮ್ಮ ಹೊನ್ನವಳ್ಳಿಯಲ್ಲೂ ಒಬ್ಬೊಬ್ಬರ ಮನೆಗೆ ಒಂದೊಂದು ಹೆಸರಿದೆ, ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಬಾಗಿಲಲ್ಲಿ ನಿಂತಿದ್ದ ವಯಸ್ಸಾದ ಹೆಂಗಸನ್ನು ಬಹಳ ಮರ್ಯಾದೆಯಿಂದಲೇ ಕೇಳಿದೆ: "ಅಮ್ಮಾ, ಕುದುರೆ ಬಿಟ್ಟೋರ ಮನೆ ಇದೇನಾ?"

ಆಕೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡರು. ಒಳಗೆ ಅಗುಳಿ ಬಿದ್ದ ಸದ್ದು ಕೇಳಿಸಿತು. ತಿಪಟೂರಿಗೆ ವಾಪಸು ಬಸ್ಸು ಇದ್ದದ್ದು ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಆ ಅಂಗಡಿಯ ಮುಂದೆಯೇ ಕೂತು, ನಾನು ಮಾಡಿದ ತಪ್ಪೇನು ಎಂದು ಯೋಚಿಸುತ್ತಿದ್ದೆ.

ಆಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ. ಸಂಸ್ಥಾನದ ಕಾಲದ ಕುದುರೆ ಪಡೆಯೊಂದು ಮೊದಲ ಮಹಾಯುದ್ಧದಲ್ಲಿ ಸಲ್ಲಿಸಿದ ಸೇವೆಯ ಚರಿತ್ರೆಯನ್ನು ಮೈಸೂರಿನಲ್ಲಿದ್ದ ನಿವೃತ್ತ ಸೇನಾಧಿಕಾರಿಯೊಬ್ಬರು ಪುಸ್ತಕ ಮಾಡುತ್ತಿದ್ದರು. ಅವರನ್ನು ಇಲ್ಲಿ ಸಂಪಾದಕರು ಎನ್ನುತ್ತೇನೆ. ಬದುಕಿ ಉಳಿದಿದ್ದ ಮುದುಕ ಸವಾರರನ್ನು ಹುಡುಕಿ ಅವರ ಮಾತು ಬರೆದುಕೊಳ್ಳುವ ಕೆಲಸಕ್ಕೆ ಅಲ್ಲಲ್ಲಿ ಒಬ್ಬೊಬ್ಬ ಮೇಷ್ಟರನ್ನು ಹಿಡಿದಿದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ನನ್ನ ಪಾಲಿಗೆ ಬಂದವು. ಬೇಸಿಗೆ ರಜೆಯಲ್ಲಿ ಮನೆಯಲ್ಲಿ ಕೂತು ಉಪ್ಪಿನಕಾಯಿ ಮಾವಿನಕಾಯಿ ಹೆಚ್ಚಿಕೊಡುವುದಕ್ಕಿಂತ ಇದು ವಾಸಿ ಅಂತ ಒಪ್ಪಿಕೊಂಡೆ.

ಸಂಪಾದಕರು ಬಹಳ ಶಿಸ್ತಿನವರು. ಸಾಕ್ಷಿಯ ಬಾಯಿಗೆ ನಾವೇ ಉತ್ತರ ಇಡಬಾರದು ಎಂಬುದು ಅವರ ಮೊದಲ ಮಾತು. ಒಂದು ದಿನ ಕೇಳಿದ್ದನ್ನು ಇನ್ನೊಂದು ದಿನ ಬೇರೆ ಕಡೆಯಿಂದ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸತ್ತವರ ಮನೆಯವರನ್ನೂ ಸಾಕ್ಷಿ ಹೇಳುವವರನ್ನೂ ಎದುರುಬದುರು ಕೂರಿಸಬಾರದು. "ಮಗಳು ಎದುರಿಗೆ ಬಂದರೆ ಯಾವ ಮುದುಕನೂ ನಿಜ ಹೇಳೋದಿಲ್ಲ, ಸಮಾಧಾನ ಹೇಳ್ತಾನೆ" ಎನ್ನುತ್ತಿದ್ದರು. ಪಾಠ ಮಾಡುವವನಾದ ನನಗೆ ನಿಯಮಗಳೆಂದರೆ ಪ್ರೀತಿಯೇ. ಅವನ್ನು ಅಕ್ಷರಶಃ ಪಾಲಿಸಿದೆ.

ಪುಸ್ತಕದ ಕೊನೆಗೆ ಯುದ್ಧದಲ್ಲಿ ಮಡಿದವರ ಹೆಸರುಗಳು ಬರಬೇಕಿತ್ತು. ಎಲ್ಲರದೂ ಇತ್ಯರ್ಥವಾಗಿ ಕಂದಿಕೆರೆಯ ಸವಾರನೊಬ್ಬನದು ಮಾತ್ರ ಉಳಿದಿತ್ತು. ಪಡೆಯ ಕಾಗದಪತ್ರಗಳಲ್ಲಿ ಅವನು ಕಾಣೆಯಾದವನು, ಅಷ್ಟೇ. ಸತ್ತನೆಂದು ತಿಳಿದರೆ ಹೆಸರು ಆ ಪುಟಕ್ಕೆ ಏರಬೇಕು. ಓಡಿಹೋದನೆಂದು ತಿಳಿದರೆ ಬೇರೆ ಕಡೆ, ಬೇರೆ ಮಾತಿನಲ್ಲಿ ಬರಬೇಕು. ನನಗೆ ಬಾಗಿಲು ಹಾಕಿದಾಕೆ ಅವನ ಒಬ್ಬಳೇ ಮಗಳು.

ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಮನೆಯ ಹೆಸರು ಎತ್ತಲಿಲ್ಲ. ಆಕೆ ಹಿತ್ತಲಿನಲ್ಲಿ ತೆಂಗಿನ ಗಿಡಗಳಿಗೆ ನೀರು ತಿರುಗಿಸುತ್ತಿದ್ದರು. ಗುದ್ದಲಿ ಕೆಳಗಿಡದೆಯೇ ಕೇಳಿದರು:

"ನಮ್ಮಪ್ಪ ಕುದ್ರೆ ಬುಟ್ಟು ಓಡೋದ ಅಂತ ಬರ್ಕಳಾಕೆ ಬಂದ್ರಾ ಮೇಷ್ಟ್ರೇ?"

"ಓಡಿಹೋದರು ಅಂತ ಯಾರು ಹೇಳಿದ್ದು?"

"ಊರೆಲ್ಲಾ ಹೇಳ್ತದೆ. ನಮ್ಮಪ್ಪನ ಜೊತೆ ದಂಡಲ್ಲಿದ್ದೋನೊಬ್ಬ ಯುದ್ಧ ಮುಗುದ್ಮೇಲೆ ಬಂದಿದ್ನಂತೆ, ತುರುವೇಕೆರೆ ಕಡೆಯೋನು. ಹೊಸ್ಲು ದಾಟ್ಲಿಲ್ವಂತೆ. ನೀರು ಕುಡ್ದು, 'ನಿನ್ ಗಂಡ ಕುದ್ರೆ ಬುಟ್ಟ ಕಣವ್ವ, ಹೋದ' ಅಂದು ಹೊರಟೋದ್ನಂತೆ. ಅವತ್ತಿಂದ ನಾವು ಕುದ್ರೆ ಬುಟ್ಟೋರು. ನನ್ ಮದ್ವೆಗೆ ಗಂಡು ಹುಡುಕ್ವಾಗ್ಲೂ ಅದೇ ಮಾತು, ಮೊಮ್ಮಗಳ ಮದ್ವೆಗೂ ಅದೇ ಮಾತು."

"ನಿಮ್ಮ ತಾಯಿ ಏನನ್ನುತ್ತಿದ್ದರು?"

ಆಕೆ ಗುದ್ದಲಿ ಪಕ್ಕಕ್ಕಿಟ್ಟರು. "ಅವ್ವ ಒಂದೇ ಮಾತು ಅಂತಿದ್ಲು. ಓಡೋದೋನು ಯಾವತ್ತಾದ್ರೂ ಬರ್ತಾನೆ ಅಂತ. ಸಾಯೋಗಂಟ ಕುಂಕುಮ ಇಟ್ಕಂಡ್ಲು, ಬಳೆ ತೊಟ್ಕಂಡ್ಲು. ಅರಿಶಿನ ಕುಂಕುಮಕ್ಕೆ ಕರೆಯೋರು ಕರೀತಿದ್ರು, ಮೂತಿ ತಿರುವೋರು ತಿರುವ್ತಿದ್ರು. ಅವ್ಳು ಕರೆದ್ರೂ ಹೋಗೋಳು, ಕರೀದಿದ್ರೂ ತಲೆ ಎತ್ಕಂಡೇ ಓಡಾಡೋಳು. ನಂಗೆ ಆ ಧೈರ್ಯ ಬರ್ಲಿಲ್ಲ."

ಮತ್ತೆ ಗುದ್ದಲಿ ಎತ್ತಿಕೊಳ್ಳುತ್ತಾ ಆಕೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಸತ್ನೋ, ಓಡೋದ್ನೋ, ತಿಳ್ಕಂಡ್ ಬನ್ನಿ ಮೇಷ್ಟ್ರೇ. ಓಡೋಗಿದ್ರೆ ಹಂಗೇ ಬರೀರಿ, ನಾನು ಅಡ್ಡ ಬರಾಕಿಲ್ಲ. ಅಂಗಡಿಯೋನ ಬಾಯಿ ಮಾತು ಕೇಳಿ ಮಾತ್ರ ಬರೀಬ್ಯಾಡಿ."

ನೀರು ಕುಡಿದು ಹೋದ ಆ ಸವಾರ ಇನ್ನೂ ಬದುಕಿದ್ದ. ನನ್ನ ಕೈಯಲ್ಲಿದ್ದ ವಿಳಾಸಗಳಲ್ಲಿ ಅವನದೂ ಒಂದಿತ್ತು. ತುರುವೇಕೆರೆ ತಾಲ್ಲೂಕಿನ, ಹೆಸರಿನಲ್ಲೇ ದಂಡು ಇಟ್ಟುಕೊಂಡಿರುವ ದಂಡಿನಶಿವರದಲ್ಲಿ, ಮಗ ಸೊಸೆ ಮೊಮ್ಮಕ್ಕಳಿಂದ ಗಿಜಿಗುಡುವ ಮನೆ. ಎಂಬತ್ತು ದಾಟಿದ ಅಜ್ಜ ಜಗುಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಸಂಪಾದಕರು ಕೊಟ್ಟಿದ್ದ ಟೇಪ್ ರೆಕಾರ್ಡರನ್ನು ಅವರ ಮುಂದಿಟ್ಟೆ. ಅದರ ಮುಂದೆ ಬಂದು ಕೂತವರು ಅಜ್ಜನ ಸೊಸೆ.

"ಅವ್ರಿಗೆ ಕಿವಿ ಮಂದ ಕಣ್ರೀ. ನನ್ನೇ ಕೇಳಿ, ನಂಗೆಲ್ಲಾ ಬಾಯಿಪಾಠ ಆಗದೆ. ಹಡಗಿಂದ ಶುರು ಮಾಡ್ಲೋ, ಮರಳುಗಾಡಿಂದ ಶುರು ಮಾಡ್ಲೋ?"

ಮೊದಲ ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಆಯಮ್ಮನ ಯುದ್ಧವೇ ತುಂಬಿಕೊಂಡಿತು. ಅದರಲ್ಲಿ ಅಜ್ಜ ಒಬ್ಬರೇ ಒಂದು ಊರನ್ನು ಗೆದ್ದಿದ್ದರು. ಕೊನೆಗೆ ಕಾಫಿ ಕಾಸಲು ಆಕೆ ಒಳಗೆ ಹೋದಾಗ ನಾನು ಅಜ್ಜನ ಪಕ್ಕಕ್ಕೆ ಸರಿದೆ. ಅಷ್ಟರಲ್ಲಿ ಅಂಗಳದಲ್ಲಿ ಕಾಯಿ ಸುಲಿಯುವವರು ಕೆಲಸಕ್ಕೆ ಕೂತರು. ನೆಟ್ಟ ಗೂಟಕ್ಕೆ ಕಾಯಿ ಕುಕ್ಕುವ ಸದ್ದು, ಮಟ್ಟೆ ಸೀಳುವ ಸದ್ದು. ನಿಲ್ಲಿಸಿ ಎನ್ನಲು ನಾನು ಯಾರು? ಕೊಬ್ಬರಿ ಸೀಮೆಯಲ್ಲಿ ಚರಿತ್ರೆ ಆಮೇಲೆ, ಕಾಯಿ ಮೊದಲು.

ಯುದ್ಧದ ವಿಷಯ ನೇರವಾಗಿ ಕೇಳಬಾರದು ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ. ಕೇಳಿದರೆ ಮುದುಕರು ಮರವಾಗಿಬಿಡುತ್ತಾರೆ, ಇಲ್ಲವೇ ಭಾಷಣ ಮಾಡುತ್ತಾರೆ. ಕುದುರೆಯ ವಿಷಯ ಕೇಳಬೇಕು. ಹುರುಳಿ ನೆನೆಸುತ್ತಿದ್ದಿರೋ ಬೇಯಿಸುತ್ತಿದ್ದಿರೋ ಎಂದೆ. ಅಜ್ಜನ ಮುಖ ಅರಳಿತು. ಮಾತು ತಾನಾಗಿ ಬಂತು. ಹಡಗಿನಲ್ಲಿ ಕುದುರೆಗಳು ದಾರಿಯುದ್ದಕ್ಕೂ ನಿಂತೇ ಇದ್ದವಂತೆ. ದಡಕ್ಕೆ ಇಳಿದಾಗ ಹೆಂಡ ಕುಡಿದವರ ಹಾಗೆ ತೂರಾಡಿದವಂತೆ. ಹಡಗುಗಳು ಹಾಯುವ ಕಾಲುವೆಯ ದಂಡೆಯಲ್ಲಿ ಡೇರೆ. ಬೆಳಗಾದರೆ ಕುದುರೆಯ ಮೈ ಉಜ್ಜುವ ಮಾಲೀಸು, ಗೊರಸು ಕೆರೆದು ನೋಡುವುದು, ಕಣ್ಣಿನ ಮರಳು ಒರೆಸುವುದು. ಕುದುರೆಯ ಮೂತಿಗೆ ಹುರುಳಿ ಚೀಲ ಕಟ್ಟಿದ ಮೇಲೇ ಸವಾರನಿಗೆ ರೊಟ್ಟಿ. ಮರಳಿನಲ್ಲಿ ಮೈಲಿಗಟ್ಟಲೆ ಗಸ್ತು, ನೀರಿನ ಹೊಂಡದಿಂದ ಹೊಂಡಕ್ಕೆ ನಡಿಗೆ. ನೀರು ಕಡಿಮೆ ಇದ್ದ ದಿನ ಬಾಯಿ ಮುಕ್ಕಳಿಸಿದ್ದನ್ನೂ ಉಗುಳದೆ ಕುದುರೆಯ ಮೂಗಿಗೆ ಒರೆಸುತ್ತಿದ್ದರಂತೆ. ಲಾಯದ ಮಾತೆಲ್ಲ ಹಿಂದೂಸ್ತಾನಿ. ಊರಿನ ಕನ್ನಡ ಬೇಕೆನಿಸಿದರೆ ಕಂದಿಕೆರೆಯ ಗೆಳೆಯನ ಹತ್ತಿರ ಹೋಗಿ ಕೂರುತ್ತಿದ್ದರಂತೆ.

ಗೆಳೆಯನ ಹೆಸರು ಅವರ ಬಾಯಲ್ಲೇ ಬಂತು. ನಾನು ಆದಷ್ಟು ಸಾದಾ ದನಿಯಲ್ಲಿ ಕೇಳಿದೆ: "ಅವರು ಏನಾದರು ಅಜ್ಜಾ?"

"ಅವ್ನಾ?" ಅಜ್ಜ ಅಂಗಳದ ಕಡೆ ನೋಡಿದರು. "ಕುದ್ರೆ ಬುಟ್ಟ ಕಣಪ್ಪ. ಹೋದ."

ಅಷ್ಟು ಹೇಳಿ ಏನೋ ಗೊಣಗಿ ಮುಖ ಗೋಡೆಗೆ ತಿರುಗಿಸಿದರು. ಮತ್ತೆ ಹತ್ತು ದಿನ ಬಿಟ್ಟು ಹೋಗಿ ಬೇರೆ ಕಡೆಯಿಂದ ಕೇಳಿದೆ. ಅದೇ ಮಾತು, ಅದೇ ಗೋಡೆ.

ನನಗೆ ನಿಜವಾಗಿ ದುಃಖವಾಯಿತು. ಊರಿನ ಮಾತನ್ನು ಸುಳ್ಳು ಮಾಡಬೇಕು ಅಂತ ನನಗೇ ಗೊತ್ತಿಲ್ಲದಂತೆ ಆಸೆ ಇಟ್ಟುಕೊಂಡಿದ್ದೆ. ನಮ್ಮ ಸೀಮೆಯಲ್ಲಿ ಊರು ಬಿಟ್ಟ, ಹೆಂಡತಿ ಬಿಟ್ಟ, ಬೀಡಿ ಬಿಟ್ಟ ಎಂದರೆ ತೊರೆದ ಎಂದೇ ಅರ್ಥ. ಎತ್ತು ಬಿಟ್ಟ ಎಂದರೆ ನೊಗ ಇಳಿಸಿ ಕೆಲಸ ಮುಗಿಸಿದ ಎಂದರ್ಥ. ಕುದುರೆ ಬಿಟ್ಟ ಎಂದರೆ ಮತ್ತೇನಿರಲು ಸಾಧ್ಯ?

ಅಂಚೆ ಕಚೇರಿಗೆ ಹೋಗಿ ಸಂಪಾದಕರಿಗೆ ಟ್ರಂಕ್ ಕಾಲ್ ಮಾಡಿದೆ. ಆ ಕಾಲದ ಟ್ರಂಕ್ ಕಾಲ್ ಎಂದರೆ ಅರ್ಧ ಊರಿಗೆ ಕೇಳಿಸಬೇಕು. "ಬಿಟ್ಟ ಅಂತಾರೆ ಸಾರ್! ಬಿಟ್ಟ!" ಎಂದು ನಾನು ಕೂಗುತ್ತಿದ್ದರೆ, ಸ್ಟ್ಯಾಂಪಿಗೆ ನಿಂತಿದ್ದವರು ಯಾರು ಯಾರನ್ನು ಬಿಟ್ಟರೋ ಎಂದು ಕಿವಿ ನಿಮಿರಿಸಿದ್ದರು. ಆ ಕಡೆಯಿಂದ ಸಂಪಾದಕರು, "ಎರಡು ದಿನವೂ ಒಂದೇ ಮಾತು ತಾನೇ? ಹಾಗಾದರೆ ಕುದುರೆ ತೊರೆದು ಹೋದನೆಂದೇ ಬರೆಯಿರಿ. ಆ ಪುಟ ಸೋಮವಾರ ಅಚ್ಚಿಗೆ ಹೋಗುತ್ತೆ" ಎಂದರು.

ಬರೆಯುವ ಮುಂಚೆ ಕ್ಯಾಸೆಟ್ಟನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಕಾಯಿ ಸುಲಿಯುವ ಸದ್ದಿನ ನಡುವೆ, ಗೋಡೆಗೆ ತಿರುಗುವ ಮುಂಚೆ ಅಜ್ಜ ಗೊಣಗಿದ್ದು ಏನೆಂದು ತಿಳಿಯಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಕೇಳಿದೆ. ಕೊನೆಗೆ ಒಂದು ಮಾತು ಸಿಕ್ಕಿತು: "ನಾವೂ ಬುಟ್ವಿ."

ನಾವೂ ಬಿಟ್ಟೆವು ಎಂದರೇನು? ಇಡೀ ಪಡೆಯೇ ಕುದುರೆ ತೊರೆದು ಓಡಿತೇ? ಹಾಗಿದ್ದರೆ ಈ ಅಜ್ಜ ಯುದ್ಧ ಮುಗಿಯುವವರೆಗೆ ಮಾಲೀಸು ಮಾಡಿದ್ದು ಯಾವ ಕುದುರೆಗೆ? ಹೋಗಿ ನೇರವಾಗಿ, "ಬಿಡುವುದು ಎಂದರೆ ಓಡಿಹೋಗುವುದೋ ಬೇರೆಯೋ" ಎಂದು ಕೇಳಬಹುದಿತ್ತು. ಆದರೆ ಹಾಗೆ ಕೇಳಿದರೆ ಉತ್ತರವನ್ನು ನಾನೇ ಬಾಯಿಗಿಟ್ಟ ಹಾಗೆ. ಅಲ್ಲದೆ ಆ ಅಜ್ಜ ನನಗೆ ಯಾಕೆ ಹೇಳಬೇಕು? ರಜೆ ಕಳೆಯಲು ಬಂದ ಮೇಷ್ಟರು ನಾನು. ಉತ್ತರಕ್ಕಾಗಿ ಆಯಸ್ಸು ಕಳೆದವರು ಕಂದಿಕೆರೆಯಲ್ಲಿದ್ದರು.

ಸಂಪಾದಕರ ಆ ಮುಖ್ಯ ನಿಯಮವನ್ನು ಮುರಿಯಲು ತೀರ್ಮಾನಿಸಿದೆ. ಮುದುಕ ಸಮಾಧಾನ ಹೇಳಿದರೆ ಹೇಳಲಿ. ಸುಳ್ಳು ಸಮಾಧಾನವನ್ನು ಗುರುತಿಸಲಾರದ ಹೆಂಗಸಲ್ಲ ಆಕೆ. ಶನಿವಾರ ಬೆಳಗಿನ ಬಸ್ಸಿಗೇ ಕಂದಿಕೆರೆಗೆ ಹೋಗಿ ಕರೆದೆ. ಆಕೆ ಒಂದು ಮಾತೂ ಕೇಳದೆ ಬೇರೆ ಸೀರೆ ಉಟ್ಟು ಹೊರಟರು. ದಾರಿಯಲ್ಲಿ ಎರಡು ಕಡೆ ಬಸ್ಸು ಬದಲಾಯಿಸಿದೆವು. ಆಕೆ ಕಿಟಕಿಯ ಕಂಬಿ ಹಿಡಿದು ಕೂತಿದ್ದರು, ಎಲ್ಲೂ ಕಾಫಿಯನ್ನೂ ಮುಟ್ಟಲಿಲ್ಲ.

ದಂಡಿನಶಿವರದಲ್ಲಿ ಅಜ್ಜನ ಸೊಸೆ ಚಾಪೆ ಹಾಸಿದರು. ಕಂದಿಕೆರೆಯಾಕೆ ಕೂರಲಿಲ್ಲ. ಅಜ್ಜನ ಎದುರಿಗೆ ನಿಂತು, ಕಿವಿ ಮಂದದವರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದರು:

"ಯಜಮಾನ್ರೇ, ನಾನು ಕಂದಿಕೆರೆಯೋಳು. ನಮ್ಮವ್ವನ ಹತ್ರ ನೀರು ಈಸ್ಕಂಡು ಕುಡುದ್ರಂತಲ್ಲ, ಆ ಮನೆಯೋಳು. ನಮ್ಮಪ್ಪ ಕುದ್ರೆ ಬುಟ್ಟು ಯಾವ ದಿಕ್ಕಿಗೆ ಓಡೋದ? ಅದೊಂದ್ ಹೇಳ್ಬುಡಿ."

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಅವರಿಗೆ ಸಿಟ್ಟು ಬಂತು. ಅಷ್ಟು ದಿನ ಗೋಡೆ ನೋಡುತ್ತಿದ್ದವರಿಗೆ ಅಂಥ ಸಿಟ್ಟು ಬರಬಹುದೆಂದು ನಾನು ಎಣಿಸಿರಲಿಲ್ಲ.

"ಓಡೋದ್ನಾ? ಯಾವನವ್ವ ಹಂಗಂದೋನು?"

"ನೀವೇ ಅಂದ್ರಂತೆ. ಕುದ್ರೆ ಬುಟ್ಟ, ಹೋದ ಅಂತ."

"ಊಂ ಕಣವ್ವ, ಬುಟ್ಟ! ತೋಟಕ್ಕೆ ನೀರು ಬುಡ್ತೀಯಲ್ಲ, ನೀರ್ನ ಬುಟ್ಟು ಓಡೋಯ್ತೀಯಾ? ಹಗ್ಗ ತಗಂಡು ಬಾರಮ್ಮೀ ಇಲ್ಲಿ" ಎಂದು ಸೊಸೆಯನ್ನು ಕೂಗಿದರು.

ಸೊಸೆ ಕೊಟ್ಟಿಗೆಯಿಂದ ಎತ್ತಿನ ಹಗ್ಗ ತಂದುಕೊಟ್ಟರು. ಅಜ್ಜ ಜಗುಲಿಯ ಅಂಚಿಗೆ ಸರಿದು ಕಾಲು ಅಗಲಿಸಿ ಕೂತರು. ಹಗ್ಗವನ್ನು ಕಂಬಕ್ಕೆ ಬಳಸಿ, ಎರಡು ತುದಿಯನ್ನೂ ಲಗಾಮಿನಂತೆ ಎದೆಗೆ ಎಳೆದು ಹಿಡಿದರು. "ಇದು ಹಿಡ್ದಿರೋದು" ಎಂದರು. ಆಮೇಲೆ ಸೊಂಟ ಬಗ್ಗಿಸಿ, ಕುದುರೆಯ ಕತ್ತಿಗೆ ಕೆನ್ನೆ ತಾಗುವಷ್ಟು ಮುಂದಕ್ಕೆ ಬಾಗಿ, ಎರಡು ಕೈಯನ್ನೂ ಪೂರ್ತಿ ಚಾಚಿದರು. ಹಗ್ಗ ಸಡಿಲಾಗಿ ನೆಲಕ್ಕೆ ಇಳಿಬಿತ್ತು.

"ಇದು ಬುಟ್ಟಿದ್ದು. ಮುಂದೆ ಗುಡ್ಡ, ಗುಡ್ಡದ ಮ್ಯಾಲಿಂದ ಗುಂಡು ಬರ್ತಾವೆ. ಹಿಡ್ಕಂಡು ನಿಂತಿದ್ವಿ. ಬುಡ್ರೋ ಅಂದ್ರು. ನಿಮ್ಮಪ್ಪ ಎಲ್ರಿಗಿಂತ ಮುಂಚೆ ಬುಟ್ಟ. ಅವ್ನ ಹಿಂದೆ ನಾವೂ ಬುಟ್ವಿ."

ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದ್ದರು.

"ಆಮೇಲೆ?" ಎಂದರು ಆಕೆ.

"ಆಮೇಲೆ ಕುದ್ರೆ ಒಂದೇ ವಾಪಸ್ ಬಂತು. ಮೈಯೆಲ್ಲಾ ಬೆವರು. ನಾನೇ ಮಾಲೀಸ್ ಮಾಡ್ದೆ." ಅಜ್ಜನ ಕೈ ಇನ್ನೂ ಹಗ್ಗದ ಮೇಲೇ ಇತ್ತು. "ಎರಡ್ನೆಯವ್ನು ನಾನು. ಅವ್ನು ಮುಂದ್ಗಡೆ ಇಲ್ದಿದ್ರೆ ಆ ಗುಂಡು ನಂಗೇ. ಹುಡುಕುದ್ವಿ, ಹೆಣ ಸಿಗ್ಲಿಲ್ಲ. ಊರಿಗೆ ಬಂದ್ಮೇಲೆ ನಿಮ್ಮವ್ವಂಗೆ ಹೇಳ್ಲೇಬೇಕು ಅಂತ ಬಂದೆ. ನೀನು ಸೆರಗು ಹಿಡ್ಕಂಡು ನಿಂತಿದ್ದೆ. ಸತ್ತ ಅನ್ನೋ ಮಾತು ಬಾಯಿಗೆ ಬರ್ಲಿಲ್ಲ ಕಣವ್ವ. ಕುದ್ರೆ ಬುಟ್ಟ, ಹೋದ ಅಂದೆ. ಮತ್ತೆ ಆ ಕಡೆ ತಲೆ ಹಾಕಾಕೆ ಮುಖ ಬರ್ಲಿಲ್ಲ."

ಅಲ್ಲಿಗೆ ನನಗೂ ಎಲ್ಲ ತಿಳಿಯಿತು. ಗೆಳೆಯ ನುಗ್ಗಿದ, ತೀರಿಕೊಂಡ ಎಂದು ಅಜ್ಜ ಲಾಯದ ಭಾಷೆಯಲ್ಲಿ ಹೇಳಲು ಬಂದಿದ್ದರು. ಕುದುರೆಯನ್ನೇ ಕಾಣದ ತೆಂಗಿನ ಸೀಮೆ ಅದನ್ನು ನೊಗ ಇಳಿಸಿ ಹೊರಟುಹೋದ ಎಂದು ಕೇಳಿಸಿಕೊಂಡಿತ್ತು. ತೋಟಕ್ಕೆ ನೀರು ಬಿಡುವ ಮಾತನ್ನು ಹುಟ್ಟಿದಾಗಿನಿಂದ ಆಡುತ್ತಿದ್ದ ನನ್ನ ತಲೆಗೂ ಅದು ಹೊಳೆದಿರಲಿಲ್ಲ.

ಆಕೆ ಮೆಲ್ಲಗೆ ಚಾಪೆಯ ಮೇಲೆ ಕೂತರು. "ಅವ್ವ ಬರ್ತಾನೆ ಅಂತ ಕುಂಕುಮ ಇಟ್ಕಂಡೇ ಹೋದ್ಲು" ಎಂದರು.

ಅಜ್ಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಶಿವನೇ, ಶಿವನೇ. ನನ್ನ ಬಾಯಿಗೆ ಮಣ್ಣು ಹಾಕ."

"ಸುಮ್ಕಿರಿ ಚಿಕ್ಕಪ್ಪ." ಆಕೆ ಮೊದಲ ಸಲ ಹಾಗೆ ಕರೆದದ್ದು. "ನೀವು ಸತ್ತ ಅಂದಿದ್ರೆ ಅವತ್ತೇ ಅವಳ ಬಳೆ ಒಡೀತಿದ್ರು. ಮೂಲೇಲಿ ಕೂರುಸ್ತಿದ್ರು. ಅವ್ಳು ಬದುಕಿರೋಗಂಟ ಅಂಗಳದ ತುಂಬಾ ಓಡಾಡಿದ್ಲು. ಅದು ನಿಮ್ಮ ಬಾಯಿಂದ್ಲೇ ಆಗಿದ್ದು." ಆಮೇಲೆ ಆಕೆ ಅತ್ತರು. ಸೊಸೆ ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಅವತ್ತು ಆಯಮ್ಮ ಒಂದು ಮಾತೂ ಆಡಲಿಲ್ಲ. ನಾನು ಟೇಪ್ ರೆಕಾರ್ಡರಿನ ಗುಂಡಿ ಒತ್ತಿರಲೇ ಇಲ್ಲ ಎಂಬುದು ಆಗ ಗೊತ್ತಾಯಿತು. ಗೊತ್ತಾದ ಮೇಲೂ ಒತ್ತಲಿಲ್ಲ.

ತುರುವೇಕೆರೆಯ ಅಂಚೆ ಕಚೇರಿಯಿಂದ ಸಂಪಾದಕರಿಗೆ ಮತ್ತೆ ಕೂಗಿದೆ. ನಿಯಮ ಮುರಿದದ್ದನ್ನು ಮೊದಲು ಹೇಳಿ, ಆಮೇಲೆ ಹಗ್ಗದ ವಿಷಯ ಹೇಳಿದೆ. ಬೈಯುತ್ತಾರೆಂದು ಕಾದೆ.

"ಘೋಡಾ ಛೋಡ್ನಾ" ಎಂದರು ಅವರು. "ನಾನು ಸೇರಿದ ಹೊಸದರಲ್ಲಿ ಹಳೆಯ ಸವಾರರೆಲ್ಲ ಹಾಗೇ ಅನ್ನುತ್ತಿದ್ದರು. ಕುದುರೆ ನುಗ್ಗಿಸೋದಕ್ಕೆ ಲಾಯದ ಹಿಂದೂಸ್ತಾನಿಯಲ್ಲಿ ಅದೇ ಮಾತು. ಕನ್ನಡದಲ್ಲಿ ಕೇಳಿದಾಗ ನನಗೇ ತಿಳಿಯಲಿಲ್ಲ ನೋಡಿ. ಹೆಸರು ಮಡಿದವರ ಜೊತೆ ಹಾಕಿಸುತ್ತೇನೆ. ಮಗಳು ಇದ್ದಾರಾ ಅಲ್ಲಿ? ಹೇಳಿ ಅವರಿಗೆ."

ನಾನು ಹೇಳಬೇಕಾಗಿರಲಿಲ್ಲ. ಟ್ರಂಕ್ ಕಾಲ್ ಆದದ್ದರಿಂದ ಸಂಪಾದಕರು ಕೂಗಿದ್ದು ಪಕ್ಕದಲ್ಲಿದ್ದ ಆಕೆಗೂ, ಮಿಕ್ಕ ಎಲ್ಲರಿಗೂ ಕೇಳಿಸಿತ್ತು.

ಚಿಕ್ಕನಾಯಕನಹಳ್ಳಿಯಿಂದ ಹೊರಟ ಕೊನೆಯ ಬಸ್ಸಿನಲ್ಲಿ ಜನ ತುಂಬಿದ್ದರು. ಆಕೆಗೆ ಮುಂದಿನ ಸೀಟು ಸಿಕ್ಕಿತು, ನಾನು ಹಿಂದೆ ನಿಂತಿದ್ದೆ. ಆಕೆಯ ಪಕ್ಕದಲ್ಲಿ ಕುಕ್ಕೆ ಇಟ್ಟುಕೊಂಡು ಕೂತಿದ್ದ ಹೆಂಗಸು ಎಲೆ ಅಡಿಕೆ ಕೊಟ್ಟು ಮಾತಿಗೆಳೆದರು. ಎಲ್ಲಿಗೆ ಹೋಗಿದ್ದಿರಿ, ಯಾವೂರು ಎಂದೆಲ್ಲ ಕೇಳಿ ಆಯಿತು.

"ಕಂದಿಕೆರೇಲಿ ಯಾರ ಮನೆಯೋರು?" ಎಂದರು.

ಆಕೆ ಎಲೆಯ ತೊಟ್ಟು ಮುರಿದು, ಸೆರಗು ಸರಿಮಾಡಿಕೊಂಡು, ಡ್ರೈವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಕುದ್ರೆ ಬುಟ್ಟೋರ ಮನೆಯೋಳು ಕಣವ್ವ."